ಪಹಣಿಯ ಬೆಳೆ ಕಲಂ: ಶಾನುಭೋಗರಿಂದ ರೈತರ ಕೈಗೆ

ಯಾವ ಜಮೀನು ಯಾರದು, ಅದರಲ್ಲಿ ಯಾವ ಬೆಳೆ ನಿಂತಿದೆ ಎಂದು ಹೇಳುವ ದಾಖಲೆ ಪಹಣಿ. ಹಳೆಯ ಮೈಸೂರು ಸೀಮೆಯಲ್ಲಿ ಹಳ್ಳಿಯ ಲೆಕ್ಕ ಬರೆಯುತ್ತಿದ್ದವರು ವಂಶಪಾರಂಪರ್ಯದ ಶಾನುಭೋಗರು. 1961ರ ಕಾಯ್ದೆ ಆ ಹುದ್ದೆಗಳನ್ನು ರದ್ದುಗೊಳಿಸಿತು. ಕೆಲಸ ಗ್ರಾಮ ಲೆಕ್ಕಿಗರ ಪಾಲಿಗೆ ಬಂತು. ಆದರೂ ಪುಸ್ತಕ ಒಬ್ಬರ ವಶದಲ್ಲೇ ಉಳಿಯಿತು. ಒಂದು ನಕಲಿಗಾಗಿ ರೈತ ಅಲೆಯಬೇಕಿತ್ತು. ಕೈಬರಹವನ್ನು ತಿದ್ದುವುದೂ ಸುಲಭವಾಗಿತ್ತು.

2000ದ ಆಸುಪಾಸಿನಲ್ಲಿ ಜಾರಿಗೆ ಬಂದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲ್ಲೂಕು ಕಚೇರಿಯ ಕೇಂದ್ರದಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಸಿಗತೊಡಗಿತು. ಬೆಳೆಯ ಕಲಂ ಮಾತ್ರ ಲೆಕ್ಕಿಗರ ವರದಿಯನ್ನೇ ನಂಬಿತ್ತು. ಹೊಲಕ್ಕೆ ಹೋಗದೆ ಹಿಂದಿನ ವರ್ಷದ ಬೆಳೆಯನ್ನೇ ನಮೂದಿಸಿದರೆ, ತೊಗರಿ ಬಿತ್ತಿದವನ ಪಹಣಿಯಲ್ಲಿ ಜೋಳ ಉಳಿದುಬಿಡುತ್ತಿತ್ತು.

2020ರ ಮುಂಗಾರಿನಲ್ಲಿ ರಾಜ್ಯ ಸರ್ಕಾರ ರೈತರ ಬೆಳೆ ಸಮೀಕ್ಷೆಯ ಆ್ಯಪ್ ತಂದಿತು. ರೈತ ತನ್ನ ಊರು, ಸರ್ವೆ ನಂಬರ್ ಆಯ್ದು, ಹೊಲದಲ್ಲಿ ನಿಂತು, ಬೆಳೆಯ ಹೆಸರು ಮತ್ತು ವಿಸ್ತೀರ್ಣ ತುಂಬಿ, ಫೋಟೊ ತೆಗೆದು ಕಳುಹಿಸುತ್ತಾನೆ. ಫೋಟೊ ಆ ಹೊಲದ್ದೇ ಎಂಬುದಕ್ಕೆ ಜಿಪಿಎಸ್ ಸಾಕ್ಷಿ. ಮಾಹಿತಿಯನ್ನು ಪರಿಶೀಲಿಸಿ ಅಂಗೀಕರಿಸಿದ ಮೇಲೆ ಪಹಣಿಯ ಬೆಳೆ ಕಲಂಗೆ ಸೇರಿಸಲಾಗುತ್ತದೆ.

ಬೆಳೆ ವಿಮೆ, ಬೆಳೆ ನಷ್ಟ ಪರಿಹಾರ, ಬೆಂಬಲ ಬೆಲೆಯ ಖರೀದಿ ಇವೆಲ್ಲ ಈ ಮಾಹಿತಿಯನ್ನು ಆಧರಿಸುತ್ತವೆ. ಆದ್ದರಿಂದ ಪ್ರತಿ ಹಂಗಾಮಿನಲ್ಲೂ ತನ್ನ ಬೆಳೆಯನ್ನು ತಾನೇ ದಾಖಲಿಸುವುದು ರೈತನ ಹಕ್ಕೂ ಹೌದು, ಹೊಣೆಯೂ ಹೌದು.