ಎರಡು ಹೊಳೆಗಳ ನಡುವಿನ ಸೀಮೆ: ಕೃಷ್ಣಾ ಜಲವಿವಾದದಲ್ಲಿ ಸುರಪುರ, ಶಹಾಪುರ, ಯಾದಗಿರಿ

ಸುರಪುರ ಮತ್ತು ಶಹಾಪುರ ಕೃಷ್ಣಾ–ಭೀಮಾ ನದಿಗಳ ನಡುವಿನ ಊರುಗಳು. ಯಾದಗಿರಿ ಭೀಮೆಯ ದಂಡೆಯದು. ಶತಮಾನಗಳ ಕಾಲ ಕೃಷ್ಣೆ ಇಲ್ಲಿ ನೀರಿಗಿಂತ ಹೆಚ್ಚಾಗಿ ಗಡಿಯಾಗಿತ್ತು. ಬಹಮನಿ, ವಿಜಯನಗರ, ಬಿಜಾಪುರದ ದಂಡುಗಳು ಹೊಳೆ ದಾಟಿದ್ದು ನೆಲಕ್ಕಾಗಿ, ನೀರಿಗಾಗಿ ಅಲ್ಲ. 1705ರಲ್ಲಿ ಔರಂಗಜೇಬ್ ಸುರಪುರದ ಬಳಿಯ ವಾಗಿನಗೇರಿಗೆ ಮುತ್ತಿಗೆ ಹಾಕಿದ್ದೂ ಬೇಡ ನಾಯಕರ ಕೋಟೆಯನ್ನು ಹಿಡಿಯಲು. ನೀರಿನ ಕೆಲಸವೇನಿದ್ದರೂ ಕೆರೆಗಳದು. ನಾಯಕರ ಕಾಲದ ಬೋನಾಳ ಕೆರೆಯನ್ನು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ದುರಸ್ತಿ ಮಾಡಿಸಿದಾಗಲೂ ನೆರೆಯ ಯಾವ ಸಂಸ್ಥಾನವನ್ನೂ ಕೇಳಬೇಕಾಗಿರಲಿಲ್ಲ. ಹೊಳೆ ಪಾಲಿನ ಲೆಕ್ಕಕ್ಕೆ ಬಂದದ್ದು ಆಮೇಲೆ. ಪಾಲಿನ ಮಾತು ಶುರುವಾದ ದಿನದಿಂದಲೂ ಈ ದಂಡೆಯ ಪರವಾಗಿ ಬೇರೆಯವರೇ ಮಾತಾಡುತ್ತ ಬಂದಿದ್ದಾರೆಂಬುದು ಈ ಲೇಖನದ ವಾದ.

1857–58ರ ಬಂಡಾಯದ ಬಳಿಕ ಸುರಪುರ ನಿಜಾಮನ ಕೈ ಸೇರಿತು. 1944ರಲ್ಲಿ ಬ್ರಿಟಿಷ್ ಆಡಳಿತದ ಮದ್ರಾಸ್ ಪ್ರಾಂತವೂ ನಿಜಾಮನ ಹೈದರಾಬಾದೂ ತುಂಗಭದ್ರೆಯ ನೀರಿಗೆ ಒಪ್ಪಂದ ಮಾಡಿಕೊಂಡವು. ಅದು ಎರಡು ಸರ್ಕಾರಗಳ ನಡುವಿನ ಕೌಲಿನಂತಿತ್ತು. ಕೃಷ್ಣೆಯ ಸರದಿ ಬಂದದ್ದು 1951ರ ಜುಲೈನಲ್ಲಿ. ಯೋಜನಾ ಆಯೋಗ ದೆಹಲಿಯಲ್ಲಿ ಕರೆದ ಸಭೆಯಲ್ಲಿ ಗುಲಬರ್ಗಾ ಜಿಲ್ಲೆಯ ಈ ತಾಲ್ಲೂಕುಗಳ ಹಕ್ಕನ್ನು ಮಂಡಿಸಿದ್ದು ಹೈದರಾಬಾದ್. ಆ ಸಭೆಯ ಹಂಚಿಕೆಗೆ ಮೈಸೂರು ಅನುಮೋದನೆ ಕೊಡಲಿಲ್ಲ. ಐದೇ ವರ್ಷದಲ್ಲಿ, 1956ರ ನವೆಂಬರ್ 1ರಂದು, ಹೈದರಾಬಾದ್ ರಾಜ್ಯವೇ ಇಲ್ಲವಾಯಿತು: ಮರಾಠವಾಡ ಮುಂಬಯಿಗೆ, ತೆಲಂಗಾಣ ಆಂಧ್ರಕ್ಕೆ, ಗುಲಬರ್ಗಾ ಮೈಸೂರಿಗೆ. ಹಕ್ಕು ಕೇಳಿದ್ದ ರಾಜ್ಯ ಹೋಯಿತು. ಒಪ್ಪಂದಕ್ಕೆ ರುಜು ಹಾಕದಿದ್ದ ರಾಜ್ಯಕ್ಕೆ ಈ ದಂಡೆ ಸೇರಿತು. ಈ ವ್ಯಂಗ್ಯವನ್ನು ನಮ್ಮ ಏಕೀಕರಣದ ಚರಿತ್ರೆಗಳು ಅಷ್ಟಾಗಿ ಗಮನಿಸಿಲ್ಲ.

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಯ ಅಣೆಕಟ್ಟಿಗೆ ಶಂಕುಸ್ಥಾಪನೆ ಮಾಡಿದರು. 1969ರಲ್ಲಿ ಕೃಷ್ಣೆಯ ನೀರು ಹಂಚಲು ಬಚಾವತ್ ನ್ಯಾಯಮಂಡಳಿ ಬಂತು. 1973ರಲ್ಲಿ ಕೊಟ್ಟು 1976ರಲ್ಲಿ ಅಂತಿಮಗೊಳಿಸಿದ ಅದರ ತೀರ್ಪು ನೂರರಲ್ಲಿ 75 ವರ್ಷ ಸಿಗುವ ನೀರನ್ನು 2060 ಟಿಎಂಸಿ ಅಡಿ ಎಂದು ಎಣಿಸಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಕೊಟ್ಟಿತು. ಮರುಹರಿವಿನ ಪಾಲು ಬೇರೆ. ಪಾಲು ರಾಜ್ಯಕ್ಕೇ ಹೊರತು ಸೀಮೆಗಲ್ಲ. ಇಂದು ತೆಲಂಗಾಣ ಆಂಧ್ರದ ಎದುರು ಹೂಡಿರುವ ತಕರಾರಿನ ಬೇರೂ ಈ ಇಡಿಗಂಟಿನ ಹಂಚಿಕೆಯಲ್ಲೇ ಇದೆ. ಹಳೆಯ ಹೈದರಾಬಾದಿನ ಇನ್ನೊಂದು ತುಂಡು ಕೇಳುತ್ತಿರುವುದು ನಾವು ಕೇಳದೆ ಬಿಟ್ಟ ಪ್ರಶ್ನೆಯನ್ನೇ.

ದೇಶ–ದೇಶಗಳ ನಡುವಿನ ಕಥೆಯೂ ಇದಕ್ಕೆ ದೂರವಲ್ಲ. 1960ರ ಸಿಂಧೂ ಒಪ್ಪಂದವನ್ನು ಕುದುರಿಸಿದ ವಿಶ್ವಬ್ಯಾಂಕೇ ಕೃಷ್ಣಾ ಮೇಲ್ದಂಡೆ ಯೋಜನೆಗೆ ಸಾಲ ಕೊಟ್ಟಿತು. 1990ರ ದಶಕದಲ್ಲಿ ಸಂತ್ರಸ್ತರ ಪುನರ್ವಸತಿ ಸರಿಯಿಲ್ಲವೆಂದು ಹಣ ತಡೆಹಿಡಿದದ್ದೂ ಅದೇ. ಸಿಂಧೂ ಕಣಿವೆಯಲ್ಲಿ ನದಿಗಳನ್ನೇ ಹಂಚಿದರು, ಇಲ್ಲಿ ಒಂದೇ ನದಿಯ ನೀರನ್ನು ಅಳೆದು ಹಂಚಿದರು. 2025ರ ಏಪ್ರಿಲ್‌ನಲ್ಲಿ ಭಾರತ ಸಿಂಧೂ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು. ರಾಜ್ಯಗಳಿಗೆ ಆ ದಾರಿಯಿಲ್ಲ. ಅವು ಸುಪ್ರೀಂ ಕೋರ್ಟಿಗೆ ಹೋಗುತ್ತವೆ. ಆಲಮಟ್ಟಿಯ ಎತ್ತರದ ವ್ಯಾಜ್ಯ 2000ದ ಏಪ್ರಿಲ್ 25ರಂದು 519.60 ಮೀಟರಿಗೆ ನಿಂತಿತು.

ಇನ್ನು ನೆಲದ ಮಾತು. 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಹೊರಟು ಹುಣಸಗಿ, ಶಹಾಪುರ, ಮುಡಬೂಳ ಶಾಖೆಗಳಾಗಿ ಒಡೆಯುತ್ತದೆ. ಯೋಜನೆ ಹಾಕಿದ್ದು ಜೋಳ, ಶೇಂಗಾ, ತೊಗರಿಯಂಥ ಅರೆನೀರಾವರಿ ಬೆಳೆಗಳಿಗೆ. ಬಂದದ್ದು ಭತ್ತ. ಆಂಧ್ರದಿಂದ ಬಂದವರು ಕ್ಯಾಂಪ್ ಕಟ್ಟಿ ನೆಲೆನಿಂತರು, ಊರವರೂ ಗದ್ದೆ ಮಾಡಿದರು. ಕಾಲುವೆಯ ಮೇಲ್ಭಾಗದ ಎರೆಹೊಲ ಸವಳು-ಜವಳಾಯಿತು. ಕೆಳಗಿನ ಕೊನೆಭಾಗದ ರೈತ ವಾರಾಬಂದಿಯ ಸರದಿ ಎಣಿಸುತ್ತ ಕುಳಿತ. ಭತ್ತ ಬೆಳೆದವನನ್ನು ಬೈಯುವುದು ಸುಲಭ, ಆದರೆ ಮಾರುಕಟ್ಟೆಯಲ್ಲಿ ಜೋಳಕ್ಕೆ ಕಿಮ್ಮತ್ತಿಲ್ಲದಾಗ ಅವನಾದರೂ ಏನು ಬೆಳೆಯಬೇಕಿತ್ತು? ನ್ಯಾಯಮಂಡಳಿಯ ಕಡತದಲ್ಲಿ ಟಿಎಂಸಿಗೆ ಕೋಷ್ಟಕವಿದೆ, ಕೆಟ್ಟ ಮಣ್ಣಿಗೆ ಇಲ್ಲ.

ಭೀಮೆಯದು ಇನ್ನೊಂದು ಪಾಡು. ಮಹಾರಾಷ್ಟ್ರದ ಉಜನಿ ಜಲಾಶಯದ ಕೆಳಗೆ ಬೇಸಿಗೆಯಲ್ಲಿ ಮರಳಷ್ಟೇ ಉಳಿಯುವ ಹೊಳೆ 2020ರ ಅಕ್ಟೋಬರ್‌ನಲ್ಲಿ ದಂಡೆಯ ಹಳ್ಳಿಗಳನ್ನು ನುಂಗಿತು. ಅದಕ್ಕೆ ಹಿಂದಿನ ವರ್ಷ ಕೃಷ್ಣೆಯ ಪ್ರವಾಹ. ಸಾಂಗ್ಲಿ–ಕೊಲ್ಹಾಪುರದವರು ತಮ್ಮ ನೆರೆಗೆ ಆಲಮಟ್ಟಿಯ ಹಿನ್ನೀರನ್ನು ದೂರುತ್ತಾರೆ. ನಾರಾಯಣಪುರದ ಗೇಟು ಎತ್ತಿದಾಗ ನೀಲಕಂಠರಾಯನ ಗಡ್ಡೆಯ ಜನ ನಡುನೀರಲ್ಲಿ ಉಳಿಯುತ್ತಾರೆ, ಶಹಾಪುರ–ದೇವದುರ್ಗ ದಾರಿಯ ಕೊಳ್ಳೂರು ಸೇತುವೆ ಮುಳುಗುತ್ತದೆ. ಬರಗಾಲದ ಪಾಲಿಗೆ ಎರಡು ನ್ಯಾಯಮಂಡಳಿಗಳು ಕುಳಿತವು. ನೆರೆನೀರನ್ನು ಯಾವ ರಾಜ್ಯ ಯಾವಾಗ, ಎಷ್ಟು ಬಿಡಬೇಕೆಂಬುದು ಇಂದಿಗೂ ಮಳೆಗಾಲದ ತುರ್ತು ಮಾತುಕತೆಯಲ್ಲೇ ತೀರ್ಮಾನವಾಗುತ್ತದೆ.

ಎರಡನೆಯದಾದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರ್ 30ರಂದು ಆಲಮಟ್ಟಿಯನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. 2013ರಲ್ಲಿ ಕರ್ನಾಟಕದ ಒಟ್ಟು ಪಾಲನ್ನು 907 ಟಿಎಂಸಿಗೆ ನಿಲ್ಲಿಸಿತು. ತೀರ್ಪನ್ನು ಗೆಜೆಟ್‌ನಲ್ಲಿ ಪ್ರಕಟಿಸದಂತೆ ಸುಪ್ರೀಂ ಕೋರ್ಟ್ 2011ರ ಸೆಪ್ಟೆಂಬರ್‌ನಲ್ಲೇ ತಡೆದಿತ್ತು. ಆಲಮಟ್ಟಿಯಲ್ಲಿ ನೀರು ಈಗಲೂ 519.60 ಮೀಟರಿಗೇ ನಿಲ್ಲುತ್ತದೆ.