ಮೊದಲ ತುತ್ತಿನ ರಾಗಿ

ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಮಗುವಿಗೆ ಐದು ತಿಂಗಳು ತುಂಬುತ್ತಿದ್ದಂತೆ ‘ಸರಿ ಹಿಟ್ಟಿ’ನ ಮಾತು ಶುರುವಾಗುತ್ತದೆ. ರಾಗಿಯನ್ನು ತೊಳೆದು, ಗಾಳಿಸಿ, ರಾತ್ರಿ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಡುತ್ತಾರೆ. ಬಿಳಿ ಮೊಳಕೆ ಇಣುಕಿದ ಮೇಲೆ ನೆರಳಲ್ಲಿ ಒಣಗಿಸಿ, ಬಾಣಲೆಯಲ್ಲಿ ಸ್ವಲ್ಪವೇ ಬೆಚ್ಚಗೆ ಮಾಡಿ ಬೀಸುವುದು. ಆಮೇಲಿನದೇ ತಾಳ್ಮೆಯ ಕೆಲಸ. ಪಾತ್ರೆಯ ಬಾಯಿಗೆ ತೆಳು ಪಂಚೆ ಬಿಗಿದು, ಹಿಟ್ಟನ್ನು ಅಂಗೈಯಿಂದ ಉಜ್ಜಿ ಉಜ್ಜಿ ಇಳಿಸಬೇಕು. ಮೇಲೆ ಉಳಿಯುವುದು ಕೆಂಪು ಹೊಟ್ಟು, ಕೆಳಗೆ ಬೀಳುವ ನಯವಾದ ಹಿಟ್ಟು ಮಗುವಿನ ಪಾಲು.

ಕರಾವಳಿಯಲ್ಲಿ ಇದೇ ರಾಗಿಯನ್ನು ನೆನೆಸಿ, ರುಬ್ಬಿ, ಹಾಲು ಹಿಂಡಿ, ಬೆಲ್ಲ ಹಾಕಿ ಕಾಯಿಸಿದರೆ ಮಣ್ಣಿ.

ಅನ್ನ ಉಣಿಸುವ ಕಾಲದ ಲೆಕ್ಕಾಚಾರ ಬಹಳ ಹಳೆಯದು. ಆಶ್ವಲಾಯನ ಗೃಹ್ಯಸೂತ್ರ ಆರನೇ ತಿಂಗಳಲ್ಲಿ ಅನ್ನಪ್ರಾಶನ ಹೇಳಿದೆ. ಸುಶ್ರುತ ಸಂಹಿತೆಯೂ ಆರನೇ ತಿಂಗಳಿಗೆ ಹಗುರವಾದ, ಹಿತವಾದ ಅನ್ನ ಎನ್ನುತ್ತದೆ. ಮಕ್ಕಳ ವೈದ್ಯಕ್ಕೇ ಮೀಸಲಾದ ಕಾಶ್ಯಪ ಸಂಹಿತೆ ಇನ್ನೂ ಎಚ್ಚರಿಕೆಯದು: ಆರಕ್ಕೆ ಹಣ್ಣು, ಹತ್ತಕ್ಕೆ ಅನ್ನ. ಆರು ತಿಂಗಳು ಎದೆಹಾಲು ಮಾತ್ರ ಸಾಕೆಂದು ವಿಶ್ವ ಆರೋಗ್ಯ ಸಭೆ ನಿರ್ಣಯಿಸಿದ್ದು 2001ರಲ್ಲಿ.

ಆರು ತಿಂಗಳ ನಂತರದ ತೊಡಕು ಬೇರೆ. ಮಗುವಿನ ಹೊಟ್ಟೆ ಚಿಕ್ಕದು. ಸಾಮಾನ್ಯ ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುತ್ತದೆ. ನುಂಗಲಿ ಎಂದು ತಾಯಿ ನೀರು ಸೇರಿಸುತ್ತಾಳೆ. ಹೊಟ್ಟೆ ತುಂಬುತ್ತದೆ, ಆದರೆ ಮೈಗೆ ಹತ್ತುವಷ್ಟು ಆಹಾರ ಒಳಗೆ ಹೋಗಿರುವುದಿಲ್ಲ.

ಈ ತೊಡಕನ್ನು ಬಿಡಿಸುವುದು ಮೊಳಕೆ. ಅದರಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ, ತಣ್ಣೀರಲ್ಲಿ ಕದಡಿದ ಹಿಟ್ಟು ನಿಧಾನವಾಗಿ ಕಾಯುವಾಗ ಪಿಷ್ಟವನ್ನು ತುಂಡರಿಸುತ್ತದೆ. ಹಿಟ್ಟು ಹೆಚ್ಚು ಹಾಕಿದರೂ ‘ಸರಿ’, ಅಂದರೆ ಈ ಹಿಟ್ಟಿನ ಗಂಜಿ, ತೆಳ್ಳಗೇ ಇರುತ್ತದೆ. ಬಾಣಲೆ ಹೆಚ್ಚು ಕಾದರೆ ಕಿಣ್ವ ಸಾಯುತ್ತದೆ. ‘ಸ್ವಲ್ಪವೇ ಬೆಚ್ಚಗೆ’ ಮಾಡುವುದರ ಬೆಲೆ ಅಲ್ಲಿದೆ.

1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಶುರುವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ, ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನ ರೂಪಿಸಿ ಹೆಸರಾಯಿತು. ಅಮುಲ್ ಅದನ್ನು ಡಬ್ಬಿಗಿಳಿಸಿತು. ಅದೇ ಸಂಸ್ಥೆಯ ಮಲ್ಲೇಶಿ ಮತ್ತು ದೇಶಿಕಾಚಾರ್ 1982ರಲ್ಲಿ ಮೊಳಕೆ ರಾಗಿಗೆ ಹೆಸರುಕಾಳು ಬೆರೆಸಿದ ಶಿಶು ಆಹಾರವನ್ನು ವಿವರಿಸಿದರು. ರಾಗಿಯಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಹೆಸರುಕಾಳು ತುಂಬಿಕೊಡುತ್ತದೆ. ಅಜ್ಜಿಯರ ಕೈಕೆಲಸಕ್ಕೆ ಪ್ರಯೋಗಾಲಯ ಕಾರಣ ಕೊಟ್ಟಿತು, ಒಂದು ಕಾಳನ್ನೂ ಸೇರಿಸಿತು.

ಡಬ್ಬಿಗಳ ಪೈಪೋಟಿ ಎದೆಹಾಲನ್ನೇ ಹಿಂದಕ್ಕೆ ತಳ್ಳುವ ಭಯ ಬಂದಾಗ ಭಾರತದ 1992ರ ಕಾನೂನು ಶಿಶು ಹಾಲಿನ ಪುಡಿಯ ಜಾಹೀರಾತು ನಿಷೇಧಿಸಿತು. 2003ರ ತಿದ್ದುಪಡಿ ಎರಡು ವರ್ಷದವರೆಗಿನ ಶಿಶು ಆಹಾರಕ್ಕೂ ಅದನ್ನು ವಿಸ್ತರಿಸಿತು.

ಮತ್ತೆ ಮನೆಯ ಸರಿ ಹಿಟ್ಟಿಗೆ ಬಂದರೆ, ಪಂಚೆಯ ಮೇಲುಳಿವ ಹೊಟ್ಟಿನಲ್ಲಿ ರಾಗಿಯ ಸುಣ್ಣದಂಶದ ದೊಡ್ಡ ಪಾಲಿದೆ. ಕಬ್ಬಿಣ ಮೈಗೂಡದಂತೆ ತಡೆಯುವ ಒಗರಿನ ಅಂಶವೂ ಅಲ್ಲೇ ಇದೆ. ಹಾಗಾಗಿ ಉಣಿಸಲು ಶುರುಮಾಡಿದ ಮೊದಲ ತಿಂಗಳುಗಳಲ್ಲಿ ನಯವಾಗಿ ಸೋಸಿದ ಸರಿ, ಹಲ್ಲು ಮೂಡಿ ಜೀರ್ಣಶಕ್ತಿ ಬಲಿತಂತೆ ದಪ್ಪ ಜರಡಿಯ ಹಿಟ್ಟು ಎಂಬ ಕ್ರಮಕ್ಕೆ ಇಂದಿಗೂ ಅರ್ಥವಿದೆ.