ಕಟ್ಟಿದ ಮೇಲೆ ಬರೆಯುವವರಾರು?

1990ರ ಅಂತ್ಯದಲ್ಲಿ ಜಿನೀವಾ ಸಮೀಪದ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರು ರಚಿಸಿದ ಪ್ರಥಮ ಬ್ರೌಸರಿನಲ್ಲಿ ಓದುವ ಕಿಟಕಿಯೇ ಬರೆಯುವ ಹಲಗೆಯೂ ಆಗಿದ್ದಿತೆಂಬುದು ಇಂದು ಬಹುಮಟ್ಟಿಗೆ ವಿಸ್ಮೃತವಾದ ಸಂಗತಿ. ತನ್ನ ಪುಟದಲ್ಲೊಂದು ದೋಷ ಕಣ್ಣಿಗೆ ಬಿದ್ದೊಡನೆ ಕರ್ತೃವಾದವನು ಅದನ್ನು ಅಲ್ಲಿಯೇ ತಿದ್ದಬಹುದಾಗಿತ್ತು. ಆದರೆ ಆ ತಂತ್ರಾಂಶ ನಡೆಯುತ್ತಿದ್ದುದು ನೆಕ್ಸ್ಟ್ ಎಂಬ ವಿರಳವಾದ ಗಣಕಗಳಲ್ಲಿ ಮಾತ್ರ. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಿಂದ ಹೊರಟು ಜನಸಾಮಾನ್ಯರ ಮನೆ ಹೊಕ್ಕ ಮೊಸಾಯಿಕ್ ಬ್ರೌಸರು, ಓದುವ ಸೌಕರ್ಯವನ್ನಷ್ಟೇ ಕೊಟ್ಟು ಬರೆಯುವುದನ್ನು ಕೈಬಿಟ್ಟಿತು. ತಾಣದ ಒಡೆಯನೊಬ್ಬ, ಅದನ್ನು ತಿದ್ದಬಲ್ಲವನು ಇನ್ನೊಬ್ಬ ಎಂಬ ಭೇದಕ್ಕೆ ಅದು ಎಡೆಮಾಡಿತು; ವೆಬ್‌ಮಾಸ್ಟರ್ ಎಂಬ ವೃತ್ತಿಗೆ ಅನ್ನವಿತ್ತದ್ದೂ ಈ ಭೇದವೇ.

ಒಡೆಯನ ಆಸೆಗಳಾದರೋ ಅಪಾರ. ಹೊಸ ಸುದ್ದಿಯ ಅಂಕಣ ಬೇಕು, ಕಾರ್ಯಕ್ರಮಗಳ ಪಂಚಾಂಗ ಬೇಕು, ಬಂದವರು ಸಹಿ ಹಾಕಲು ಅತಿಥಿಪುಸ್ತಕ ಬೇಕು. ಡೇವಿಡ್ ಬೋನೆಟ್ ಮತ್ತು ಜಾನ್ ರೆಜ್ನರ್ 1994ರಲ್ಲಿ ಆರಂಭಿಸಿದ ಉದ್ಯಮವು ಜಿಯೋಸಿಟೀಸ್ ಎಂಬ ಹೆಸರಿನಿಂದ ಪ್ರಖ್ಯಾತವಾಗಿ, ಅಸಂಖ್ಯ ಸಾಮಾನ್ಯರಿಗೆ ಉಚಿತವಾಗಿ ನಿವೇಶನ ಹಂಚಿದಾಗ, ಗುದ್ದಲಿ ಹಿಡಿದ ಕೂಲಿಯ ಚಿತ್ರದೊಡನೆ ‘ನಿರ್ಮಾಣ ನಡೆಯುತ್ತಿದೆ’ ಎಂಬ ಫಲಕ ಅಲ್ಲಿನ ಪುಟಪುಟದಲ್ಲಿಯೂ ಮೆರೆಯಿತು. 2009ರ ಅಕ್ಟೋಬರಿನಲ್ಲಿ ಯಾಹೂ ಆ ಊರನ್ನೇ ಮುಚ್ಚುವ ತನಕ ಎಷ್ಟೋ ಫಲಕಗಳು ಕೆಳಗಿಳಿಯಲಿಲ್ಲ. ಆ ಜನರ ಉತ್ಸಾಹವನ್ನು ನಾನು ಹಳಿಯಲಾರೆ. ನಮ್ಮ ನಾಡಿನ ಶಾಸನಗಳಲ್ಲಿ ನಂದಾದೀವಿಗೆಗೆ ದತ್ತಿಯಿತ್ತವರು ದೀಪದೊಡನೆ ಎಣ್ಣೆಗಾಗಿ ಗಾಣವನ್ನೋ ಭೂಮಿಯನ್ನೋ ಬಿಟ್ಟುಕೊಟ್ಟರು. ಜಾಲತಾಣ ಕಟ್ಟಿದವರಾದರೋ ದೀಪವನ್ನಿಟ್ಟು ಎಣ್ಣೆಯ ವಿಚಾರವನ್ನೇ ಎತ್ತಲಿಲ್ಲ. ಸುದ್ದಿಯ ಅಂಕಣವನ್ನು ಬೇಡಿದವನನ್ನು, ಮುಂದಿನ ತಿಂಗಳು ಇದಕ್ಕೆ ಬರೆಯುವವರಾರೆಂದು ಕೇಳುವುದು ಕಟ್ಟುವವನ ಧರ್ಮವಾಗಿತ್ತೆಂದೇ ನನ್ನ ದೃಢವಾದ ಅಭಿಪ್ರಾಯ.

1999ರ ಬ್ಲಾಗರ್, 2003ರ ವರ್ಡ್‌ಪ್ರೆಸ್ ಮೊದಲಾದುವು ಲೇಖನಿಯನ್ನು ಒಡೆಯನ ಕೈಗೆ ಮರಳಿಸಿದುವು. ಬರೆಯುವುದು ಸುಲಭವಾಯಿತು, ಬರೆಯುವ ಮನಸ್ಸು ಮಾತ್ರ ತಂತ್ರಾಂಶದೊಡನೆ ಬರಲಿಲ್ಲ. ಅಷ್ಟೇ ಅಲ್ಲ, ಪ್ರತಿ ಬರಹದ ನೆತ್ತಿಯ ಮೇಲೆ ದಿನಾಂಕವನ್ನಿಟ್ಟು ಹೊಸತನ್ನು ಮೊದಲಿಗೆ ತೋರಿಸುವ ಆ ವಿನ್ಯಾಸವು, ಹಿಂದೆ ಅಗೋಚರವಾಗಿದ್ದ ಔದಾಸೀನ್ಯವನ್ನು ಬಾಗಿಲಲ್ಲಿಯೇ ಪ್ರಕಟಿಸಿತು. ಇದಕ್ಕೂ ಮುನ್ನ, 1995ರಲ್ಲಿಯೇ, ವಾರ್ಡ್ ಕನಿಂಗ್‌ಹ್ಯಾಮ್ ತಮ್ಮ ವಿಕಿಯಲ್ಲಿ ಬೇರೊಂದು ಉಪಾಯ ಕಂಡುಕೊಂಡಿದ್ದರು: ಒಡೆಯನೊಬ್ಬನನ್ನೇ ನೆಚ್ಚದೆ ಲೇಖನಿಯನ್ನು ಓದುಗರೆಲ್ಲರ ಕೈಗಿತ್ತರು. 2003ರಲ್ಲಿ ಮೊದಲಾದ ಕನ್ನಡ ವಿಕಿಪೀಡಿಯವೂ ಈ ಉಪಾಯದ ಫಲವೇ. ಅಲ್ಲಿಯೂ ದುಡಿಯುವವರು ಕೆಲವರೇ. ಆದರೆ ಒಬ್ಬರು ದಣಿದಾಗ ಮತ್ತೊಬ್ಬರು ಮುಂದುವರಿಸಲು ಅವಕಾಶವುಂಟು.

ಇವೆಲ್ಲಕ್ಕಿಂತ ಸರಳವಾದ ಮಾರ್ಗವೊಂದಿತ್ತು. 1996ರಲ್ಲಿ ವಾರ್ನರ್ ಬ್ರದರ್ಸ್ ಸಂಸ್ಥೆ ‘ಸ್ಪೇಸ್ ಜ್ಯಾಮ್’ ಚಲಚ್ಚಿತ್ರಕ್ಕಾಗಿ ಕಟ್ಟಿಸಿದ ತಾಣ, ಆ ಒಂದು ಚಿತ್ರವನ್ನು ಪರಿಚಯಿಸುವುದಕ್ಕಿಂತ ಹೆಚ್ಚಿನ ಹೊಣೆಯನ್ನೇನೂ ಹೊರಲಿಲ್ಲ. 2021ರಲ್ಲಿ ಅದರ ಮುಂದಿನ ಚಿತ್ರ ಬಂದಾಗ, ಇಪ್ಪತ್ತೈದು ವರ್ಷ ಹಳೆಯದಾದ ಆ ಪುಟಗಳನ್ನು ಅಳಿಸದೆ ಬೇರೊಂದು ವಿಳಾಸಕ್ಕೆ ಸರಿಸಿ ಉಳಿಸಿಕೊಂಡರು.